ಬೆರಳಿನ ನೆನಪು ಇರುವುದೆಲ್ಲಿ?

ಮಕ್ಕಳೇ, ರಾತ್ರಿ ಓದುತ್ತಾ ಕುಳಿತಿದ್ದಾಗ ಕರೆಂಟು ಹೋಯಿತು ಎಂದುಕೊಳ್ಳಿ. ನೀವು ಚೀಲಕ್ಕೆ ಕೈ ಹಾಕುತ್ತೀರಿ. ಇದು ಪೆನ್ಸಿಲು, ಇದು ರಬ್ಬರು, ಇದು ಪೆನ್ನಿನ ಮುಚ್ಚಳ ಎಂದು ನೋಡದೆಯೇ ಹೇಳುತ್ತೀರಿ. ಅಡುಗೆಮನೆಯಲ್ಲಿ ಅಮ್ಮ ತಡಕಾಡಿ ಬೆಂಕಿಪೊಟ್ಟಣ ತೆಗೆಯುತ್ತಾರೆ. ಉಪ್ಪಿನ ಡಬ್ಬಿಗೆ ಕೈ ತಗುಲಿದರೆ ಅದು ಬೆಂಕಿಪೊಟ್ಟಣವಲ್ಲ ಎಂದು ಕೂಡಲೇ ಅವರಿಗೆ ತಿಳಿಯುತ್ತದೆ.

ಯಾವುದನ್ನಾದರೂ ಗುರುತು ಹಿಡಿಯಬೇಕಾದರೆ ಅದರ ಪರಿಚಯ ಮೊದಲೇ ಇರಬೇಕಲ್ಲವೆ? ಹಾಗಾದರೆ ಹಿಂದೆ ಮುಟ್ಟಿದ ವಸ್ತುಗಳ ನೆನಪು ಎಲ್ಲೋ ಉಳಿದಿರಬೇಕು. ಅದು ಎಲ್ಲಿದೆ? ಬೆರಳಿನಲ್ಲಿಯೇ? ಬನ್ನಿ, ತಿಳಿಯೋಣ.

ಚರ್ಮದಿಂದ ಮಿದುಳಿಗೆ

ನಮ್ಮ ಚರ್ಮದಲ್ಲಿ ಸ್ಪರ್ಶವನ್ನು ತಿಳಿಯುವ ಸೂಕ್ಷ್ಮ ರಚನೆಗಳಿವೆ. ಇವನ್ನು ಗ್ರಾಹಕಗಳು ಎನ್ನುತ್ತಾರೆ. ಕೆಲವು ಹಗುರವಾದ ಸ್ಪರ್ಶವನ್ನು ಗ್ರಹಿಸಿದರೆ, ಕೆಲವು ಒತ್ತಡವನ್ನೂ ಇನ್ನು ಕೆಲವು ಕಂಪನವನ್ನೂ ಗ್ರಹಿಸುತ್ತವೆ. ಬಿಸಿ, ತಂಪು ಮತ್ತು ನೋವನ್ನು ತಿಳಿಯಲು ಬೇರೆಯೇ ನರತುದಿಗಳಿವೆ. ಬಿಸಿ ಮತ್ತು ಒತ್ತಡ ನರಗಳಲ್ಲಿ ಸಂದೇಶವಾಗಿ ಬದಲಾಗುವುದು ಹೇಗೆ ಎಂಬುದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕೈಬೆರಳಿನಿಂದ ಹೊರಟ ಸಂದೇಶ ನರಗಳ ಮೂಲಕ ಮಿದುಳುಬಳ್ಳಿಯನ್ನು ಸೇರಿ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಎಡಗೈಯ ಸಂದೇಶ ಮಿದುಳಿನ ಬಲಭಾಗಕ್ಕೂ ಬಲಗೈಯ ಸಂದೇಶ ಎಡಭಾಗಕ್ಕೂ ತಲುಪುತ್ತದೆ. ತಲೆಗೆ ಹೇರ್‌ಬ್ಯಾಂಡ್ ಹಾಕಿಕೊಂಡಾಗ ಅದು ಒಂದು ಕಿವಿಯ ಮೇಲಿನಿಂದ ನೆತ್ತಿ ದಾಟಿ ಇನ್ನೊಂದು ಕಿವಿಯವರೆಗೆ ಬರುತ್ತದಲ್ಲ? ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಮಿದುಳಿನ ಹೊರಪದರದಲ್ಲಿ, ಸ್ಪರ್ಶದ ಪಟ್ಟಿ ಇದೆ.

ಕೆನಡಾ ದೇಶದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಈ ಪಟ್ಟಿಯ ನಕ್ಷೆ ತಯಾರಿಸಿದರು. ಮಿದುಳನ್ನು ಮುಟ್ಟಿದರೆ ನೋವಾಗುವುದಿಲ್ಲ. ಹಾಗಾಗಿ ರೋಗಿಗಳು ಎಚ್ಚರವಾಗಿರುವಾಗಲೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆಗ ಈ ಪಟ್ಟಿಯ ಒಂದೊಂದು ಜಾಗಕ್ಕೆ ಬಹಳ ಸಣ್ಣ ವಿದ್ಯುತ್ತನ್ನು ಹಾಯಿಸಿ, ಏನನ್ನಿಸಿತು ಎಂದು ಕೇಳುತ್ತಿದ್ದರು. ಯಾರೂ ಕೈ ಮುಟ್ಟದಿದ್ದರೂ ರೋಗಿಗೆ ಹೆಬ್ಬೆರಳಿನಲ್ಲೋ ತುಟಿಯಲ್ಲೋ ಜುಮುಗುಟ್ಟಿದಂತೆ ಆಗುತ್ತಿತ್ತು. ಈ ನಕ್ಷೆಯಲ್ಲಿ ತುಟಿ ಮತ್ತು ಬೆರಳುಗಳಿಗೆ ದೊಡ್ಡ ಜಾಗವಿದೆ. ಅಷ್ಟು ಅಗಲವಾದ ಬೆನ್ನಿಗೆ ಇರುವುದು ಚಿಕ್ಕ ಜಾಗ!

ಮಾಡಿ ನೋಡಿ – 1

ಗೆಳೆಯ ಅಥವಾ ಗೆಳತಿ ಕಣ್ಣು ಮುಚ್ಚಿಕೊಳ್ಳಲಿ. ಮೊಂಡಾದ ಎರಡು ಪೆನ್ಸಿಲುಗಳ ತುದಿಗಳನ್ನು ಅರ್ಧ ಸೆಂಟಿಮೀಟರ್ ದೂರದಲ್ಲಿ ಹಿಡಿದು ಅವರ ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಎಷ್ಟು ತುದಿ ತಾಗಿತು ಎಂದು ಕೇಳಿ. ಎರಡು ಎಂಬ ಉತ್ತರ ಬರುತ್ತದೆ. ಈಗ ಅಷ್ಟೇ ದೂರದಲ್ಲಿ ಬೆನ್ನಿಗೆ ತಾಗಿಸಿ ಕೇಳಿ. ಒಂದೇ ತುದಿ ಎನ್ನುವ ಸಾಧ್ಯತೆ ಹೆಚ್ಚು. ಬೆರಳ ತುದಿ 2–3 ಮಿಲಿಮೀಟರ್ ಅಂತರವನ್ನೂ ತಿಳಿಯಬಲ್ಲದು. ಬೆನ್ನಿಗೆ ಸುಮಾರು 4 ಸೆಂಟಿಮೀಟರ್ ಬೇಕು. (ಮುಖದ ಬಳಿ ಈ ಪ್ರಯೋಗ ಬೇಡ.)

ನೆನಪು ಉಳಿಯುವುದು ಹೇಗೆ?

ಮುಟ್ಟಿದ ಅನುಭವ ಒಂದು ಕ್ಷಣದ್ದು. ಆದರೆ ವಸ್ತುವನ್ನು ಹಿಡಿದು, ತಿರುಗಿಸಿ, ಅಂಚನ್ನು ಸವರಿ ಗಮನವಿಟ್ಟು ನೋಡಿದಾಗ ಮಿದುಳಿನ ಅನೇಕ ನರಕೋಶಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಹೀಗೆ ಒಟ್ಟಿಗೆ ಕೆಲಸ ಮಾಡಿದ ನರಕೋಶಗಳ ನಡುವಿನ ಸಂಪರ್ಕ ಬಲವಾಗುತ್ತದೆ. ಹೊಲದಲ್ಲಿ ಜನ ಓಡಾಡಿದಷ್ಟೂ ಕಾಲುದಾರಿ ಸ್ಪಷ್ಟವಾಗುವುದಿಲ್ಲವೆ, ಹಾಗೆ! ಹೊಸ ನೆನಪುಗಳನ್ನು ಉಳಿಸಿಕೊಳ್ಳಲು ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವೂ ನೆರವಾಗುತ್ತದೆ.

ಈ ನೆನಪು ಎಷ್ಟು ಗಟ್ಟಿ? 2018ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಜನರ ಕಣ್ಣಿಗೆ ಬಟ್ಟೆ ಕಟ್ಟಿ, 168 ದಿನಬಳಕೆಯ ವಸ್ತುಗಳನ್ನು ಒಂದೊಂದಾಗಿ 10 ಸೆಕೆಂಡು ಮುಟ್ಟಲು ಕೊಟ್ಟರು. ನಂತರ ಒಂದೇ ಬಗೆಯ ಎರಡೆರಡು ವಸ್ತುಗಳನ್ನು ಕೊಟ್ಟು, ಮೊದಲು ಮುಟ್ಟಿದ್ದು ಯಾವುದು ಎಂದು ಕೇಳಿದರು. 100ಕ್ಕೆ ಸುಮಾರು 94 ಉತ್ತರಗಳು ಸರಿಯಾಗಿದ್ದವು. ಒಂದು ವಾರದ ನಂತರ ಕೇಳಿದಾಗಲೂ 100ಕ್ಕೆ ಸುಮಾರು 85 ಸರಿಯಾಗಿದ್ದವು!

ಬೆರಳಿನಿಂದ ಓದುವವರು

ಫ್ರಾನ್ಸ್ ದೇಶದ ಲೂಯಿ ಬ್ರೈಲ್ (1809–1852) ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡರು. ಉಬ್ಬಿದ ಆರು ಚುಕ್ಕಿಗಳಿಂದ ಅಕ್ಷರಗಳನ್ನು ರೂಪಿಸುವ ಲಿಪಿಯನ್ನು ಅವರು ಹದಿಹರೆಯದಲ್ಲೇ ಸಿದ್ಧಪಡಿಸಿದರು. ಕನ್ನಡವನ್ನೂ ಬ್ರೈಲ್‌ನಲ್ಲಿ ಓದಬಹುದು, ಬರೆಯಬಹುದು.

"ಕಣ್ಣು ಕಾಣದವರ ಬೆರಳಿಗೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುತ್ತದೆ" ಎಂದು ಹಲವರು ಹೇಳುವುದನ್ನು ನೀವು ಕೇಳಿರಬಹುದು. ಇದು ಸರಿಯಲ್ಲ. ಅವರ ಚರ್ಮವೂ ನಮ್ಮ ಚರ್ಮದಂತೆಯೇ ಇದೆ. ಅಭ್ಯಾಸದಿಂದ ಬದಲಾಗುವುದು ಮಿದುಳು. 1993ರಲ್ಲಿ ವಿಜ್ಞಾನಿಗಳು ಬ್ರೈಲ್ ಓದುವವರನ್ನು ಪರೀಕ್ಷಿಸಿದಾಗ, ಓದಲು ಬಳಸುವ ಬೆರಳಿಗೆ ಮಿದುಳಿನ ಸ್ಪರ್ಶದ ಪಟ್ಟಿಯಲ್ಲಿ ಇನ್ನೊಂದು ಕೈಯ ಅದೇ ಬೆರಳಿಗಿಂತ ಹೆಚ್ಚು ಜಾಗವಿರುವುದು ಕಂಡುಬಂತು.

ಇನ್ನೊಂದು ಘಟನೆ ಕೇಳಿ. ಹುಟ್ಟಿನಿಂದಲೇ ಅಂಧರಾಗಿದ್ದ ಒಬ್ಬ ಮಹಿಳೆ ಬ್ರೈಲ್ ಅನ್ನು ಚೆನ್ನಾಗಿ ಓದುತ್ತಿದ್ದರು. ರಕ್ತ ಸಂಚಾರ ನಿಂತು ಅವರ ಮಿದುಳಿನ ಹಿಂಭಾಗಕ್ಕೆ ಹಾನಿಯಾಯಿತು. ಕಣ್ಣಿರುವವರಲ್ಲಿ ಇದು ನೋಟಕ್ಕೆ ಸಂಬಂಧಿಸಿದ ಭಾಗ. ಆ ಬಳಿಕ ಬೆರಳಿಗೆ ಚುಕ್ಕಿಗಳು ತಾಗುವುದು ಅವರಿಗೆ ತಿಳಿಯುತ್ತಿತ್ತು. ಆದರೆ ಅದು ಯಾವ ಅಕ್ಷರ ಎಂದು ತಿಳಿಯುತ್ತಿರಲಿಲ್ಲ! ಈ ವಿಷಯವನ್ನು ವೈದ್ಯರು 2000ದಲ್ಲಿ ಪ್ರಕಟಿಸಿದರು. ಅವರ ಬೆರಳಿಗೆ ಏನೂ ಆಗಿರಲಿಲ್ಲ. ಓದುವ ಕಲೆ ಬೆರಳಿನಲ್ಲಿಲ್ಲ, ಮಿದುಳಿನಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ನೋಟಕ್ಕೆ ಬಳಕೆಯಾಗದ ಭಾಗವನ್ನು ಅವರ ಮಿದುಳು ಓದಿಗೆ ಬಳಸಿಕೊಂಡಿತ್ತು.

ಮಾಡಿ ನೋಡಿ – 2

ಮೂರು ರಟ್ಟಿನ ತುಂಡುಗಳನ್ನು ತೆಗೆದುಕೊಳ್ಳಿ. ಮೇಲಿನ ಬಲ ಮೂಲೆಯನ್ನು ಕತ್ತರಿಸಿದರೆ ತಲೆಕೆಳಗಾಗುವುದಿಲ್ಲ. ಮೇಲೆ, ನಡುವೆ, ಕೆಳಗೆ ಎಂದು ಒಂದೇ ಸಾಲಿನಲ್ಲಿ ಮೂರು ಸ್ಥಾನಗಳನ್ನು ಗುರುತಿಸಿ, ಸಾಸಿವೆ ಕಾಳುಗಳನ್ನು ಗೋಂದಿನಿಂದ ಹೀಗೆ ಅಂಟಿಸಿ:

ಅ – ಮೇಲೆ ಒಂದು ಕಾಳು
ಬ – ಮೇಲೆ ಒಂದು, ನಡುವೆ ಒಂದು
ಕ – ಮೇಲೆ ಒಂದು, ಕೆಳಗೆ ಒಂದು

ಒಣಗಿದ ಮೇಲೆ ಕಣ್ಣು ಮುಚ್ಚಿ ತೋರುಬೆರಳಿನಿಂದ ಸವರಿ ಅಕ್ಷರ ಹೇಳಿ. ದಿನಕ್ಕೆ 20 ಸಲದಂತೆ ಒಂದು ವಾರ ಮಾಡಿ, ಎಷ್ಟು ಸರಿಯಾಯಿತು ಎಂದು ಪ್ರತಿದಿನ ಬರೆದಿಡಿ. ಮೊದಲ ದಿನ 'ಬ' ಮತ್ತು 'ಕ' ಗಲಿಬಿಲಿ ಮಾಡಬಹುದು. ಬೇಸರ ಬೇಡ. ಇಡೀ ಪಾಠವನ್ನೇ ಬೆರಳಿನಿಂದ ಓದುವ ಹುಡುಗಿಯೋ ಹುಡುಗನೋ ನಿಮ್ಮ ತರಗತಿಯಲ್ಲಿದ್ದರೆ, ನಿಮ್ಮ ಉತ್ತರಗಳನ್ನು ಅವರಿಂದಲೇ ತಿದ್ದಿಸಿಕೊಳ್ಳಿ. ಇದರಲ್ಲಿ ಅವರೇ ನಿಮಗೆ ಗುರುಗಳು.