ಕೊಕ್ಕರೆ ರೋಗ: ಓಣಿಯೆಲ್ಲ ಒಂದೇ ದಿನ ಲಸಿಕೆ ಹಾಕಿಸಿ

ಕೊಕ್ಕರೆ ರೋಗ ಹೊಕ್ಕ ಹಿತ್ತಲನ್ನು ಒಮ್ಮೆ ಕಂಡವರು ಅದರ ಮೊದಲ ಲಕ್ಷಣವನ್ನು ಮರೆಯುವುದಿಲ್ಲ. ನಿನ್ನೆಯವರೆಗೆ ಜೋಳದ ಕಾಳಿಗೆ ಎಲ್ಲಕ್ಕಿಂತ ಮೊದಲು ಓಡಿಬರುತ್ತಿದ್ದ ಹೇಂಟೆ ರೆಕ್ಕೆ ಇಳಿಬಿಟ್ಟು, ಕತ್ತು ಮೈಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ ಗೋಡೆಯ ಮಗ್ಗುಲಲ್ಲಿ ನಿಂತಿರುತ್ತದೆ. ಬಾಲದ ಕೆಳಗಿನ ಪುಕ್ಕಕ್ಕೆ ಹಸಿರು ಬೆರೆತ ಬಿಳಿ ಹಿಕ್ಕೆ ಅಂಟಿರುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ, ಗಂಟಲಲ್ಲಿ ಗೊರಗೊರ ಸದ್ದು. ಸಂಜೆಯ ಹೊತ್ತಿಗೆ ಇನ್ನೊಂದು ತೂಕಡಿಸತೊಡಗುತ್ತದೆ. ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಿದರೆ ಎರಡು ಸತ್ತಿರುತ್ತವೆ. ಉಳಿದವುಗಳಲ್ಲಿ ಕೆಲವಕ್ಕೆ ನಾಲ್ಕಾರು ದಿನಗಳಲ್ಲಿ ಕತ್ತು ತಿರುಚಿಕೊಳ್ಳುತ್ತದೆ. ಅವು ನಿಂತಲ್ಲೇ ಸುತ್ತುತ್ತವೆ, ಕಾಳಿಗೆಂದು ಹಾಕಿದ ಕೊಕ್ಕು ಪಕ್ಕದ ಮಣ್ಣಿಗೆ ಬೀಳುತ್ತದೆ. ಲಸಿಕೆ ಕಾಣದ ಗುಂಪಿಗೆ ಉಗ್ರ ಬಗೆಯ ವೈರಸ್ ತಗುಲಿದರೆ ಹತ್ತರಲ್ಲಿ ಒಂಬತ್ತು ಹೋಗುವುದು ಅಪರೂಪವಲ್ಲ. ಹತ್ತಕ್ಕೆ ಹತ್ತೂ ಹೋಗುವುದುಂಟು.

ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕೋಳಿ ತೂಕಡಿಸಿದ ದಿನ ಮೆಡಿಕಲ್ ಅಂಗಡಿಗೆ ಓಡಿ ಕ್ಯಾಪ್ಸೂಲ್ ತಂದು ನೀರಿಗೆ ಬೆರೆಸುವುದರಲ್ಲೇ ನಮ್ಮ ಕಡೆ ಬಹಳ ಮನೆಗಳ ದುಡ್ಡೂ ಹೊತ್ತೂ ಕಳೆಯುತ್ತದೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಬೆಳ್ಳುಳ್ಳಿ, ಅರಿಶಿಣ, ಉಳ್ಳಾಗಡ್ಡಿ ತಿನ್ನಿಸಿದರೂ ಅಷ್ಟೇ. ಸೊರಗಿದ ಹಕ್ಕಿಗೆ ಮೇಲಿಂದ ಇನ್ನೊಂದು ಸೋಂಕು ಸೇರದಿರಲೆಂದು ವೈದ್ಯರು ಔಷಧಿ ಬರೆದುಕೊಡಬಹುದು. ಅದು ಬೇರೆ ಮಾತು.

ಈ ರೋಗದ ಇನ್ನೊಂದು ಹೆಸರು ರಾಣಿಖೇತ್. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಇದನ್ನು ಗುರುತಿಸಿದರು. ಸ್ವಲ್ಪ ಕಾಲದಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಾಗ ಭಾರತದಲ್ಲಿ ಆ ಊರಿನ ಹೆಸರೇ ನಿಂತಿತು. ಅಲ್ಲಿಗೆ ದೂರವಲ್ಲದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ತಯಾರಾದ ಆರ್‌2ಬಿ ಎಂಬ ಲಸಿಕೆಯನ್ನು ಇಂದಿಗೂ ದನದ ದವಾಖಾನೆಗಳಲ್ಲಿ ಬಳಸುತ್ತಾರೆ. ಅಂದರೆ ಇದು ಹೊಸ ರೋಗವಲ್ಲ, ತಡೆಯುವ ದಾರಿಯೂ ಹೊಸದಲ್ಲ. ಹಾಗಿದ್ದೂ ಹಿತ್ತಲ ಕೋಳಿಗಳು ಯಾಕೆ ಗುಂಪುಗುಂಪಾಗಿ ಸಾಯುತ್ತವೆ? ಉತ್ತರ ಬಹುಮಟ್ಟಿಗೆ ಲಸಿಕೆಯ ಬಾಟಲಿಯ ಅಳತೆಯಲ್ಲಿದೆ. ಅಲ್ಲಿಗೆ ಬರುವ ಮುನ್ನ ರೋಗ ಓಡಾಡುವ ದಾರಿ ನೋಡೋಣ.

ಹುಬ್ಬಳ್ಳಿ-ಧಾರವಾಡದ ನಡುವೆ ಉಣಕಲ್, ಅಮರಗೋಳ, ರಾಯಾಪುರ, ಸತ್ತೂರು, ನವಲೂರು ಈಗ ಪಾಲಿಕೆಯ ವಾರ್ಡುಗಳಾದರೂ ಬಿಆರ್‌ಟಿಎಸ್ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಇನ್ನೂ ಊರುಗಳೇ. ಹಿತ್ತಲಲ್ಲಿ ನಾಲ್ಕರಿಂದ ಹದಿನೈದು ಜವಾರಿ ಕೋಳಿ, ಕೆಲವರಲ್ಲಿ ಗಿರಿರಾಜ. ಹಗಲೆಲ್ಲ ಅವು ಓಣಿಯ ತಿಪ್ಪೆ ಕೆದರುತ್ತವೆ, ಗಟಾರದ ನೀರು ಕುಡಿಯುತ್ತವೆ, ರಾತ್ರಿ ತಂತಮ್ಮ ಬುಟ್ಟಿಗೆ ಸೇರುತ್ತವೆ. ಯಜಮಾನರು ಬೇರೆಬೇರೆ, ಆದರೆ ವೈರಸ್ಸಿನ ಲೆಕ್ಕದಲ್ಲಿ ಓಣಿಯೆಲ್ಲ ಒಂದೇ ಗುಂಪು. ರೋಗಿಷ್ಟ ಕೋಳಿಯ ಹಿಕ್ಕೆ, ಮೂಗಿನ ಸಿಂಬಳ, ಬಿಡುವ ಉಸಿರು ಎಲ್ಲದರಲ್ಲೂ ವೈರಸ್ ಇರುತ್ತದೆ. ಚಪ್ಪಲಿಯ ತಳಕ್ಕೆ ಮೆತ್ತಿಕೊಂಡು, ಸಂತೆಯ ಬುಟ್ಟಿಯಲ್ಲಿ, ತತ್ತಿಯ ಟ್ರೇಯಲ್ಲಿ ಅದು ಮನೆಯಿಂದ ಮನೆಗೆ ಹೋಗುತ್ತದೆ. ನೆರಳಿನ ತೇವದಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಬಿಸಿಲು, ಸಾಬೂನು, ಸುಣ್ಣ, ಬ್ಲೀಚಿಂಗ್ ಪೌಡರ್ ಅದಕ್ಕೆ ಆಗಿಬರುವುದಿಲ್ಲ. ಪಾರಿವಾಳಗಳಲ್ಲೂ ಇದರ ಒಂದು ಬಗೆ ಇರುವುದರಿಂದ ಎರಡನ್ನೂ ಸಾಕುವವರು ಕಾಳು-ನೀರಿನ ಪಾತ್ರೆಗಳನ್ನು ಬೇರೆ ಇಡಬೇಕು.

ಎಲ್ಲಕ್ಕಿಂತ ದೊಡ್ಡ ದಾರಿ ಸಂತೆ. ವೈರಸ್ ಮೈಸೇರಿ ಲಕ್ಷಣ ಕಾಣಲು ಎರಡರಿಂದ ಹದಿನೈದು ದಿನ ಬೇಕು, ಸಾಮಾನ್ಯವಾಗಿ ಐದಾರು ದಿನ. ಆ ನಡುವೆ ಕೋಳಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಒಂದು ಮನೆಯಲ್ಲಿ ಕೋಳಿ ಸಾಯಲು ಸುರುವಾದರೆ ಉಳಿದವನ್ನು ‘ಇದ್ದಾಗಲೇ ಮಾರೂಣು’ ಎಂದು ಧಾರವಾಡದ ಮಂಗಳವಾರದ ಸಂತೆಗೋ ಬೆಂಗೇರಿ ಸಂತೆಗೋ ಒಯ್ಯುತ್ತಾರೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಇನ್ನೊಬ್ಬರು ಕೊಳ್ಳುತ್ತಾರೆ. ಜಾತ್ರೆ, ಹರಕೆಯ ದಿನಗಳಲ್ಲಂತೂ ಕೋಳಿಗಳ ಓಡಾಟ ವಿಪರೀತ. ಮಾರುವವರನ್ನು ನಾನು ಬೈಯಲಾರೆ. ತತ್ತಿಯ ದುಡ್ಡು ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯ ಸ್ವಂತ ದುಡ್ಡು, ಅದು ಕಣ್ಣೆದುರೇ ಸಾಯುವುದನ್ನು ನೋಡುವುದು ಕಷ್ಟ. ಆದರೂ ಆ ಒಂದು ಬುಟ್ಟಿಯಿಂದ ಹತ್ತು ಊರಿಗೆ ರೋಗ ಹೋಗುತ್ತದೆ. ಸಾಂಕ್ರಾಮಿಕ ರೋಗದ ಪ್ರಾಣಿ-ಪಕ್ಷಿಗಳನ್ನು ಸಂತೆಗೆ ತರಬಾರದೆಂದು 2009ರ ಕೇಂದ್ರ ಕಾಯಿದೆಯೂ ಹೇಳುತ್ತದೆ.

ಹಾಗಾದರೆ ಒಂದು ಕೋಳಿ ತೂಕಡಿಸಿದ ದಿನ ಏನು ಮಾಡಬೇಕು? ಅದನ್ನು ಬೇರೆ ಮಾಡಿ, ಗಾಳಿ ಬೀಸಿಹೋಗುವ ದಿಕ್ಕಿಗೆ, ದೂರದ ಮೂಲೆಯಲ್ಲಿ ಮುಚ್ಚಿಡಿ. ಉಳಿದವನ್ನು ಹೊರಗೆ ಬಿಡಬೇಡಿ, ಒಳಗೇ ಕಾಳು-ನೀರು ಕೊಡಿ. ಗಟ್ಟಿ ಇರುವವುಗಳ ಕೆಲಸ ಮೊದಲು ಮುಗಿಸಿ, ರೋಗಿಯ ಹತ್ತಿರ ಕೊನೆಗೆ ಹೋಗಿ. ಆ ಮೂಲೆಗೆ ಒಂದು ಜೊತೆ ಚಪ್ಪಲಿ ಬೇರೆಯೇ ಇರಲಿ. ಬಂದು ಸಾಬೂನಿನಿಂದ ಕೈ ತೊಳೆಯಿರಿ. ಈ ವೈರಸ್ ಮನುಷ್ಯರ ಕಣ್ಣಿಗೆ ತಾಗಿದರೆ ಕೆಲವು ದಿನ ಕಣ್ಣು ಕೆಂಪಾಗಿ ನೀರು ಸುರಿಯುವುದುಂಟು. ಮತ್ತೆ ಅದೇ ದಿನ ಅಕ್ಕಪಕ್ಕದ ಮನೆಗೆ ಹೇಳಿ: “ಅಕ್ಕಾರ, ನಮ್ಮ ಕೋಳಿಗೆ ಬ್ಯಾನಿ ಬಂದೈತ್ರಿ, ನಿಮ್ಮವನ್ನ ಹೊರಗ ಬಿಡಬ್ಯಾಡ್ರಿ.” ಮುಚ್ಚಿಟ್ಟರೆ ಮಾನ ಉಳಿಯುತ್ತದೆ ಎಂಬ ಭಾವನೆಯಿಂದ ಎಷ್ಟೋ ಓಣಿಗಳು ಖಾಲಿಯಾಗುತ್ತವೆ.

ಅದೇ ದಿನ ದನದ ದವಾಖಾನೆಗೂ ತಿಳಿಸಬೇಕು. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇದಕ್ಕೆ ಗಟ್ಟಿ ಕಾರಣವಿದೆ. ಒಮ್ಮೆಲೇ ಹಲವು ಕೋಳಿ ಸತ್ತರೆ ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂದು ಬರಿಗಣ್ಣಿನಿಂದ ಯಾರೂ ಖಚಿತವಾಗಿ ಹೇಳಲಾರರು. ಜುಟ್ಟು ನೀಲಿಗಟ್ಟುವುದು, ಮುಖ ಊದುವುದು, ಕಾಲಿನ ಮೇಲೆ ರಕ್ತದ ಕಲೆ ಕಾಣುವುದು ಹಕ್ಕಿಜ್ವರದತ್ತ ಬೆರಳು ತೋರಿಸುತ್ತವೆ, ಆದರೆ ಪ್ರಯೋಗಾಲಯವೇ ತೀರ್ಮಾನಿಸಬೇಕು. ಕರ್ನಾಟಕಕ್ಕೆ ಹಕ್ಕಿಜ್ವರ ಹೊಸದಲ್ಲ. 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಕಂಡಿತ್ತು. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲೂ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಕಾಣಿಸಿಕೊಂಡಿತು. ಆದ್ದರಿಂದಲೇ ತೂಕಡಿಸುವ ಕೋಳಿಯನ್ನು ಕೊಯ್ದು ಸಾರು ಮಾಡಬೇಡಿ. ಬೇಯಿಸಿದರೆ ವೈರಸ್ ಸಾಯುತ್ತದೆ, ನಿಜ. ಅಪಾಯವಿರುವುದು ಕೊಯ್ಯುವಾಗ, ಪುಕ್ಕ ಕೀಳುವಾಗ, ಕರುಳನ್ನು ನಾಯಿಗೆ ಎಸೆಯುವಾಗ.

ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ವೈದ್ಯರು ಪರೀಕ್ಷೆಗೆ ಕೇಳಿದರೆ ಮಂಜುಗಡ್ಡೆಯ ಜೊತೆ ಕೊಡಿ, ಬೇಡವೆಂದರೆ ಮೂರು ಅಡಿ ಗುಂಡಿ ತೋಡಿ, ಮೇಲೆ ಕೆಳಗೆ ಸುಣ್ಣ ಹಾಕಿ ಮುಚ್ಚಿ. ನಾಲಾಕ್ಕೆ, ತಿಪ್ಪೆಗೆ ಎಸೆದರೆ ನಾಯಿ, ಕಾಗೆಗಳು ಅದನ್ನು ಮುಂದಿನ ಓಣಿಗೆ ಎಳೆದೊಯ್ಯುತ್ತವೆ.

ಇನ್ನು ಲಸಿಕೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮರಿಗಳಿಗೆ ಎಫ್ ಅಥವಾ ಲಸೋಟಾ ಎಂಬ ಸೌಮ್ಯ ತಳಿಯದು; ಹುಟ್ಟಿ ಐದರಿಂದ ಏಳು ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ನಾಲ್ಕನೆಯ ವಾರಕ್ಕೆ ಮತ್ತೊಮ್ಮೆ. ಎಂಟನೆಯ ವಾರಕ್ಕೆ ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಎಂಎಲ್ ಆರ್‌2ಬಿ ಚುಚ್ಚುಮದ್ದು. ಆಮೇಲೆ ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಿದರೆ ಹಿತ್ತಲ ಕೋಳಿಗೆ ಕ್ಷೇಮ. ಆರ್‌2ಬಿ ಸ್ವಲ್ಪ ಖಾರದ ಲಸಿಕೆ, ಅದನ್ನು ಎಳೆಯ ಮರಿಗೆ ಹಾಕಿದರೆ ಕಾಲು ಬೀಳಬಹುದು. ಆದ್ದರಿಂದ ಆ ಕ್ರಮ ತಪ್ಪಿಸಬಾರದು. ಒಂದೇ ಸಲ ಹಾಕಿಸಿ ಬಿಟ್ಟರೆ ಯಾಕಾಗದು ಎಂದು ಕೇಳುವವರಿಗೆ ಹೇಳಬೇಕು: ಲಸಿಕೆ ಕಂಡ ತಾಯಿಯ ತತ್ತಿಯ ಹಳದಿಯಿಂದ ಮರಿಗೆ ಒಂದಷ್ಟು ರಕ್ಷಣೆ ಬಂದಿರುತ್ತದೆ. ಎರಡು-ಮೂರು ವಾರ ಅದು ಕಾಯುತ್ತದೆ, ಆದರೆ ಅದೇ ರಕ್ಷಣೆ ಮೊದಲ ಲಸಿಕೆಯ ಕಸುವನ್ನೂ ಕುಂದಿಸುತ್ತದೆ. ತಾಯಿಯದು ಕರಗುವ ಹೊತ್ತಿಗೆ ಎರಡನೆಯ ಹನಿ ಬಿದ್ದರೆ ಮರಿಯ ಮೈ ತನ್ನದೇ ಬಲ ಕಟ್ಟಿಕೊಳ್ಳುತ್ತದೆ.

ತೊಡಕು ಇಲ್ಲಿದೆ. ಈ ಲಸಿಕೆಗಳಲ್ಲಿರುವುದು ಜೀವಂತ ವೈರಸ್. ಒಣಗಿಸಿ ಗಾಜಿನ ಸಣ್ಣ ಬಾಟಲಿಯಲ್ಲಿ ತುಂಬಿರುತ್ತಾರೆ, ಒಂದು ಬಾಟಲಿ ನೂರು, ಇನ್ನೂರು ಅಥವಾ ಇನ್ನೂ ಹೆಚ್ಚು ಕೋಳಿಗೆ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕು. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ನಾಳೆಗೆ ಬಾರದು. ನೂರು ಡೋಸಿನ ಆರ್‌2ಬಿ ಬಾಟಲಿಗೆ ತಂಪಾದ ಐವತ್ತು ಎಂಎಲ್ ಸಲೈನ್ ಬೆರೆಸುತ್ತಾರೆ. ಎಂಟು ಕೋಳಿ ಇರುವ ಮನೆಯವರು ಒಬ್ಬರೇ ಬಾಟಲಿ ತೆರೆಸಿದರೆ ತೊಂಬತ್ತೆರಡು ಡೋಸು ಮಣ್ಣುಪಾಲು. ಅದಕ್ಕೇ ಅವರು ತರುವುದಿಲ್ಲ, ದವಾಖಾನೆಯವರಿಗೂ ಎಂಟಕ್ಕಾಗಿ ಒಡೆಯುವುದು ಕಷ್ಟ. ನೂರು ಕೋಳಿ ಒಂದೇ ಮನೆಯಲ್ಲಿ ಇರಲಾರವು, ಒಂದೇ ಓಣಿಯಲ್ಲಿ ಇರುತ್ತವೆ. ಹತ್ತು-ಹನ್ನೆರಡು ಮನೆಯವರು ಲೆಕ್ಕ ಬರೆದುಕೊಂಡು ದವಾಖಾನೆಗೆ ಹೋಗಿ, ದಿನ ಗೊತ್ತುಮಾಡಿ ಬಂದರೆ ಬಾಟಲಿಯ ತೊಡಕು ಅಲ್ಲಿಗೇ ಬಗೆಹರಿಯಿತು. ಓಣಿಯೆಲ್ಲ ಒಂದೇ ಗುಂಪಾದ್ದರಿಂದ ರೋಗ ತಡೆಯಲೂ ಇದೇ ಸರಿಯಾದ ಕ್ರಮ. ಸ್ತ್ರೀಶಕ್ತಿ ಸಂಘಗಳಿಗೆ ಇದು ಹೇಳಿ ಮಾಡಿಸಿದ ಕೆಲಸವೆಂದು ನಾನು ನಂಬಿದ್ದೇನೆ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ದನದ ಕೊಟ್ಟಿಗೆಗೇ ಬರುವ ಹಾಗೆ ಕೋಳಿಗೂ ಬರಬೇಕು. ಬರುವವರೆಗೆ ನಾವೇ ಹೋಗಿ ಕೇಳಬೇಕು.

ಗೊತ್ತುಮಾಡಿದ ದಿನ ನಸುಕಿನಲ್ಲೇ ಕೆಲಸ ಸುರು ಮಾಡಬೇಕು. ಬುಟ್ಟಿ ಎತ್ತಿದ ಮೇಲೆ ಜವಾರಿ ಕೋಳಿಯನ್ನು ಹಿಡಿಯುವುದು ಯಾರಿಂದಲೂ ಆಗದ ಮಾತು. ಕಣ್ಣಿನ ಹನಿಗೆ ಮರಿಯನ್ನು ತೊಡೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ಮೇಲಿನ ಕಣ್ಣಿಗೆ ಹನಿ ಬಿಟ್ಟು, ಅದು ರೆಪ್ಪೆ ಬಡಿದು ಹನಿ ಒಳಗೆ ಹೋಗುವವರೆಗೆ ಹಿಡಿದಿರಬೇಕು. ತಕ್ಷಣ ಬಿಟ್ಟರೆ ತಲೆ ಕೊಡವಿ ಹನಿ ಚೆಲ್ಲಿಬಿಡುತ್ತದೆ. ಬಾಟಲಿ ಕೈಯ ಬಿಸಿಗೆ ಕಾಯದಂತೆ ಮಂಜುಗಡ್ಡೆಯ ಡಬ್ಬಿಯಲ್ಲಿರಲಿ. ಕೆಲವರು ಲಸೋಟಾವನ್ನು ಕುಡಿಯುವ ನೀರಲ್ಲಿ ಕೊಡುತ್ತಾರೆ. ನಮ್ಮ ಅವಳಿನಗರದಲ್ಲಿ ಇದಕ್ಕೊಂದು ಎಚ್ಚರಿಕೆ ಬೇಕು: ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರಲ್ಲಿ ಕ್ಲೋರಿನ್ ಇರುತ್ತದೆ, ಅದು ಲಸಿಕೆಯ ವೈರಸ್ಸನ್ನು ಕೊಂದುಹಾಕುತ್ತದೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟು, ಲೀಟರಿಗೆ ಐದು ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಆಮೇಲೆ ಲಸಿಕೆ ಬೆರೆಸಬೇಕು. ಪಾತ್ರೆಗೆ ಸಾಬೂನಿನ ಅಂಶ ಉಳಿದಿರಬಾರದು. ಇಷ್ಟೆಲ್ಲ ಮಾಡಿದರೂ ಬಿಟ್ಟು ಮೇಯಿಸುವ ಕೋಳಿ ಗಟಾರದ ನೀರು ಕುಡಿದು ಬಂದಿದ್ದರೆ ಲಸಿಕೆಯ ನೀರು ಮುಟ್ಟುವುದೇ ಇಲ್ಲ. ಹಿತ್ತಲಿಗೆ ಕಣ್ಣಿನ ಹನಿಯೇ ವಾಸಿ.

ಈ ಓಣಿ ಲೆಕ್ಕದ ಲಸಿಕೆಯನ್ನು ಹೊರದೇಶಗಳಲ್ಲಿ ನಡೆಸಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಅವರ ತಂಡ ಬಿಸಿ ತಾಳುವ ಐ-2 ಎಂಬ ಲಸಿಕೆ ಸಿದ್ಧಪಡಿಸಿತು. ಮೊಜಾಂಬಿಕ್, ತಾಂಜಾನಿಯಾಗಳ ಹಳ್ಳಿಗಳಲ್ಲಿ ಊರಿನವರೇ ತರಬೇತಿ ಪಡೆದು ನಾಲ್ಕು ತಿಂಗಳಿಗೊಮ್ಮೆ ಮನೆಮನೆಯ ಕೋಳಿಗಳಿಗೆ ಕಣ್ಣಿನ ಹನಿ ಹಾಕುತ್ತಾರೆ, ಕೋಳಿಗೆ ಇಷ್ಟೆಂದು ಸಣ್ಣ ಶುಲ್ಕ ಪಡೆಯುತ್ತಾರೆ.

ಪಕ್ಕದ ಮನೆಗೆ ರೋಗ ಬಂದಾಗ ಹಾಕಿಸಿದರೆ ನಡೆಯುತ್ತದೆಯೇ? ಇನ್ನೂ ಸೋಂಕು ತಗುಲದ ಕೋಳಿಗೆ ನಡೆಯುತ್ತದೆ, ವೈದ್ಯರನ್ನು ಕೇಳಿ ಹಾಕಿಸಿ. ಆದರೆ ಬಲ ಬರಲು ಒಂದೆರಡು ವಾರ ಬೇಕು. ಆಗಲೇ ವೈರಸ್ ಹೊತ್ತ ಕೋಳಿ ಲಸಿಕೆಯಾದ ಮೂರನೆಯ ದಿನ ಸತ್ತರೆ ‘ಲಸಿಕೆಯಿಂದಲೇ ಸತ್ತಿತು’ ಎಂಬ ಮಾತು ಹುಟ್ಟಿ, ಮುಂದಿನ ಸಲ ಓಣಿಯೇ ಹಿಂದೆ ಸರಿಯುತ್ತದೆ. ಇದನ್ನು ಮೊದಲೇ ಎಲ್ಲರಿಗೂ ತಿಳಿಸಿಡಬೇಕು. ರೋಗವಿಲ್ಲದ ಹೊತ್ತಲ್ಲಿ, ಬೇಸಿಗೆ ಏರುವ ಮುಂಚೆ ಒಮ್ಮೆ, ದೀಪಾವಳಿಗೆ ಮೊದಲೊಮ್ಮೆ ಹಾಕಿಸುವುದು ಮೇಲು. ಒಂದು ವಾರ ಮೊದಲು ಜಂತುಹುಳದ ಔಷಧಿ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

  

ರೋಗ ಬಂದು ಹೋದ ಹಿತ್ತಲಿಗೆ ಕೂಡಲೇ ಹೊಸ ಮರಿ ತರಬೇಡಿ. ಹಿಕ್ಕೆ, ಹಳೆಯ ಹೊಟ್ಟು ಬಳಿದು ಹೂತುಬಿಡಿ. ಗೂಡಿನ ಮೇಲ್ಮಣ್ಣು ಕೆರೆದು ತೆಗೆದು ಬಿಸಿಲಿಗೆ ಬಿಡಿ, ಗೋಡೆಗೆ ಸುಣ್ಣ ಬಳಿಯಿರಿ, ಬುಟ್ಟಿ-ಬಟ್ಟಲುಗಳನ್ನು ಸಾಬೂನಿನಿಂದ ತಿಕ್ಕಿ ಒಣಗಿಸಿ. ಕನಿಷ್ಠ ಒಂದು ತಿಂಗಳು ಖಾಲಿ ಇರಲಿ. ಲಸಿಕೆಯಾದ ಕೋಳಿಗೆ ರೋಗ ಬಾರದಿದ್ದರೂ ವೈರಸ್ ಹೊತ್ತಿರಬಹುದು. ಹೀಗಾಗಿ ಹೊಸ ಕೋಳಿ ಎಲ್ಲಿಂದ ತಂದರೂ, ಎಷ್ಟೇ ಬೇಕಾದವರು ಕೊಟ್ಟರೂ, ಮೂರು ವಾರ ಮನೆಯ ಇನ್ನೊಂದು ಬದಿಯಲ್ಲಿ ಬೇರೆ ನೀರು, ಬೇರೆ ಕಾಳಿನೊಂದಿಗೆ ಇಡಿ. ಮೊದಲು ಲಸಿಕೆಯಾದ ಎರಡು-ಮೂರನ್ನಷ್ಟೇ ತಂದು ಬಿಟ್ಟು, ಅವು ಚೆನ್ನಾಗಿ ಮೇಯ್ದುಕೊಂಡಿದ್ದರೆ ಉಳಿದವನ್ನು ತರಬಹುದು.