ಸುವಾರ್ತೆ ಮತ್ತು ಸಂಸ್ಕೃತಿ: ಲೆಸ್ಲಿ ನ್ಯೂಬಿಗಿನ್ ಅವರ ವಿಚಾರಸರಣಿ

ತಾನು ನಂಬಿದ ಸತ್ಯವನ್ನು ಅನ್ಯರಿಗೆ ತಿಳಿಸಲು ಹೊರಟ ಯಾವ ಧರ್ಮದ ಅನುಯಾಯಿಯಾದರೂ ಎರಡು ಅಪಾಯಗಳ ನಡುವೆ ನಡೆಯಬೇಕಾಗುತ್ತದೆ. ತನ್ನ ಸಂಪ್ರದಾಯದ ಪರಿಭಾಷೆಯಲ್ಲಿಯೇ ಮಾತನಾಡಿದರೆ ಕೇಳುವವನಿಗೆ ಅದು ಪರದೇಶದ ಸರಕಾಗಿ ಕಾಣುತ್ತದೆ. ಕೇಳುವವನ ಪರಿಭಾಷೆಯಲ್ಲಿಯೇ ಎಲ್ಲವನ್ನೂ ಹೇಳಿದರೆ, ಆತನು ಮೊದಲೇ ಬಲ್ಲ ಸಂಗತಿಯನ್ನು ಮತ್ತೊಮ್ಮೆ ಹೇಳಿದಂತಾಗಿ, ಹೇಳಬೇಕಾಗಿದ್ದ ಹೊಸ ಮಾತು ಕಳೆದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಕ್ರೈಸ್ತ ಚಿಂತಕರಲ್ಲಿ ಈ ಇಕ್ಕಟ್ಟನ್ನು ಆಳವಾಗಿ ವಿಚಾರಿಸಿದವರಲ್ಲಿ ಬಿಷಪ್ ಲೆಸ್ಲಿ ನ್ಯೂಬಿಗಿನ್ (1909-1998) ಒಬ್ಬರು. ದಕ್ಷಿಣ ಭಾರತದಲ್ಲಿ ಬಹುಕಾಲ ಬಾಳಿ, ಮುಪ್ಪಿನಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ, ತಮ್ಮ ನಾಡಿಗಿಂತ ತಮಿಳುನಾಡೇ ಧರ್ಮದ ಮಾತಿಗೆ ಹೆಚ್ಚು ಕಿವಿಗೊಟ್ಟಿತ್ತೆಂಬುದು ಮನವರಿಕೆಯಾಯಿತು. ಆ ಅನುಭವದಿಂದ ಮೂಡಿದ ವಿಚಾರಗಳನ್ನು ಪರಿಚಯಿಸಿ, ಅವುಗಳ ಬಲಾಬಲಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಜೀವನದ ರೂಪರೇಖೆ

ನ್ಯೂಬಿಗಿನ್ ಅವರು ಉತ್ತರ ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ, 1936ರಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಪರವಾಗಿ ಮದರಾಸಿಗೆ ಬಂದರು. ಬಂದ ಸ್ವಲ್ಪ ಕಾಲದಲ್ಲಿಯೇ ಬಸ್ ಅಪಘಾತಕ್ಕೆ ಸಿಲುಕಿ ಕಾಲಿಗೆ ಪೆಟ್ಟಾಗಿ ಹಿಂದಿರುಗಬೇಕಾಯಿತು. 1939ರಲ್ಲಿ ಪುನಃ ಬಂದು ಕಾಂಚೀಪುರದಲ್ಲಿ ನೆಲೆಸಿದರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಬೇರೆ ಬೇರೆ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆಯಾದಾಗ, ಅದರ ಮೊದಲ ಬಿಷಪ್ಪರಲ್ಲಿ ಒಬ್ಬರಾಗಿ ಮದುರೆಯ ಹೊಣೆ ಹೊತ್ತರು. 1959ರಿಂದ ಕೆಲವು ವರ್ಷ ಅಂತರರಾಷ್ಟ್ರೀಯ ಕ್ರೈಸ್ತ ಸಂಸ್ಥೆಗಳಲ್ಲಿ ಸೇವೆ ಸಲ್ಲಿಸಿ, 1965ರಿಂದ 1974ರವರೆಗೆ ಮದರಾಸಿನ ಬಿಷಪ್ಪರಾಗಿದ್ದರು. ನಿವೃತ್ತರಾದ ಮೇಲೆ ಪತ್ನಿಯೊಡನೆ ಬಸ್ಸುಗಳಲ್ಲಿ ಭೂಮಾರ್ಗವಾಗಿಯೇ ಇಂಗ್ಲೆಂಡನ್ನು ತಲುಪಿ, ಬರ್ಮಿಂಗ್‌ಹ್ಯಾಮಿನಲ್ಲಿ ಬೋಧಕರಾದರು. ಎಪ್ಪತ್ತರ ವಯಸ್ಸಿನಲ್ಲಿ, 1980ರಲ್ಲಿ, ಅದೇ ನಗರದ ಸೆರೆಮನೆಯ ಎದುರಿನ ವಿನ್ಸನ್ ಗ್ರೀನ್ ಎಂಬ ಬಡ ಬಡಾವಣೆಯ ಚಿಕ್ಕ ಸಭೆಯೊಂದರ ಪಾಲನೆಯನ್ನು ವಹಿಸಿಕೊಂಡರು.

ಹೆಸರಿನ ತೊಡಕು

ತಮಿಳು ಹಳ್ಳಿಯ ಬೀದಿಯಲ್ಲಿ ನಿಂತು, ಯೇಸುವಿನ ಹೆಸರನ್ನೇ ಕೇಳದ ಜನರಿಗೆ ಆತನು ಯಾರೆಂದು ಹೇಳುವ ಬಗೆ ಹೇಗೆ? ನ್ಯೂಬಿಗಿನ್ ಅವರು ಎತ್ತಿದ ಈ ಪ್ರಶ್ನೆ ಸರಳವಾಗಿ ಕಂಡರೂ ಸರಳವಲ್ಲ. ಆತನನ್ನು 'ಸ್ವಾಮಿ' ಎಂದರೆ, ಜನರು ಈಗಾಗಲೇ ಪೂಜಿಸುವ ಅನೇಕ ಸ್ವಾಮಿಗಳ ಸಾಲಿನಲ್ಲಿ ಇನ್ನೊಬ್ಬನು ಸೇರುತ್ತಾನೆ. 'ಅವತಾರ' ಎಂದರೆ, ಧರ್ಮಗ್ಲಾನಿಯಾದಾಗಲೆಲ್ಲ ಇಳಿದುಬರುವ ಹಲವು ಅವತಾರಗಳಲ್ಲಿ ಅದೂ ಒಂದಾಗುತ್ತದೆ. 'ಸದ್ಗುರು' ಎಂದರೆ, ಶಿಷ್ಯನನ್ನು ಅರಿವಿಗೆ ಕೊಂಡೊಯ್ದು ತಾನು ಹಿಂದೆ ಸರಿಯುವ ಮಾರ್ಗದರ್ಶಕನಾಗುತ್ತಾನೆ. ಎಲ್ಲವನ್ನೂ ಮೀರಿದ 'ಕಡವುಳ್' ಎಂದರೆ, ಶಿಲುಬೆಯ ಮೇಲೆ ನೊಂದು ಸತ್ತವನ ಕಥೆಗೆ ಅರ್ಥವೇ ಉಳಿಯುವುದಿಲ್ಲ. ಪ್ರತಿಯೊಂದು ಪದದ ಹಿಂದೆಯೂ ಒಂದು ಇಡಿಯ ಲೋಕದೃಷ್ಟಿ ನಿಂತಿರುತ್ತದೆ. ಆ ಪದವನ್ನು ಎರವಲು ಪಡೆದವನು ಆ ದೃಷ್ಟಿಯನ್ನೂ ಜತೆಗೇ ಪಡೆಯುತ್ತಾನೆ. ಹಾಗೆಂದು ಪದವನ್ನೇ ಬಳಸದೆ ಮಾತನಾಡಲು ಬರುವುದಿಲ್ಲ.

ಕನ್ನಡನಾಡಿಗೂ ಈ ತೊಡಕು ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರು ಮಂಗಳೂರಿನಿಂದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಅಚ್ಚು ಮಾಡಿಸಿದರು. ಈ ಜನರ ಮನಸ್ಸನ್ನು ಅರಿಯದೆ ಈ ಜನರೊಡನೆ ಮಾತನಾಡಲಾಗದೆಂಬ ತಿಳಿವಳಿಕೆಯೂ ಆ ಕಾರ್ಯದ ಹಿಂದೆ ಇತ್ತು. 1853ರಲ್ಲಿ ಬಂದ ಕಿಟೆಲ್ ಅವರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಕಾವ್ಯದ ಛಂದೋಬಂಧಗಳಲ್ಲಿ ಹಾಡಿದರು. ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದ ಈ ವಿದ್ವಾಂಸರು 1894ರಲ್ಲಿ ಹೊರತಂದ ನಿಘಂಟು ಇಂದಿಗೂ ಸಾಹಿತ್ಯ ವಿದ್ಯಾರ್ಥಿಗಳ ಕೈಪಿಡಿಯಾಗಿದೆ. ಧರ್ಮಪ್ರಚಾರಕ್ಕೆಂದು ಬಂದವರು ಮೊದಲು ಭಾಷೆಯ ವಿದ್ಯಾರ್ಥಿಗಳಾಗಬೇಕಾಯಿತೆಂಬುದನ್ನು ಇದರಿಂದ ಗ್ರಹಿಸಬಹುದು.

ಮಠದ ಗೋಡೆಯ ಮೇಲಿನ ಚಿತ್ರ

ಕಾಂಚೀಪುರದಲ್ಲಿದ್ದಾಗ ನ್ಯೂಬಿಗಿನ್ ಅವರು ವಾರಕ್ಕೊಂದು ಸಂಜೆ ಅಲ್ಲಿನ ರಾಮಕೃಷ್ಣ ಮಠಕ್ಕೆ ಹೋಗಿ, ಸಂನ್ಯಾಸಿಗಳೊಡನೆ ನೆಲದ ಮೇಲೆ ಕುಳಿತು ಉಪನಿಷತ್ತುಗಳನ್ನೂ ಸುವಾರ್ತೆಗಳನ್ನೂ ಅಧ್ಯಯನ ಮಾಡುತ್ತಿದ್ದರು. ಮಠದ ಸಭಾಂಗಣದಲ್ಲಿ ಲೋಕದ ಮಹಾಪುರುಷರ ಚಿತ್ರಗಳ ನಡುವೆ ಯೇಸುವಿನ ಚಿತ್ರವೂ ಇತ್ತು. ಕ್ರಿಸ್ಮಸ್ ದಿನದಂದು ಅದಕ್ಕೆ ಪೂಜೆ ಸಲ್ಲುತ್ತಿತ್ತು. ತರುಣ ಪಾದ್ರಿಗೆ ಇದು ಕ್ರಿಸ್ತನ ಅಂಗೀಕಾರವಾಗಿ ಕಾಣಲಿಲ್ಲ. ಹಿಂದೂ ಲೋಕದೃಷ್ಟಿಯು ಆತನಿಗೆ ತನ್ನೊಳಗೆ ಒಂದು ಗೂಡನ್ನು ಕೊಟ್ಟು, ಆತನ ವಿಶಿಷ್ಟವಾದ ಹಕ್ಕೊತ್ತಾಯವನ್ನು ಸದ್ದಿಲ್ಲದೆ ಅಡಗಿಸಿತೆಂದು ಅವರು ಭಾವಿಸಿದರು.

ಈ ತೀರ್ಮಾನವನ್ನು ಒಪ್ಪುವ ಮೊದಲು ಸಂನ್ಯಾಸಿಗಳ ಪಕ್ಷವನ್ನೂ ಕೇಳುವುದು ನ್ಯಾಯ. ಶ್ರೀರಾಮಕೃಷ್ಣರು 1874ರಲ್ಲಿ ಕ್ರೈಸ್ತ ಮಾರ್ಗದಲ್ಲಿಯೂ ಸಾಧನೆ ಮಾಡಿದರೆಂದು ಅವರ ಚರಿತೆಗಳು ಹೇಳುತ್ತವೆ. 1886ರ ಡಿಸೆಂಬರ್ 24ರ ರಾತ್ರಿ ಆಂಟ್‌ಪುರದಲ್ಲಿ ಧುನಿಯ ಸುತ್ತ ಕುಳಿತ ತರುಣ ಶಿಷ್ಯರಿಗೆ ನರೇಂದ್ರರು ಯೇಸುವಿನ ತ್ಯಾಗಜೀವನವನ್ನು ವಿವರಿಸಿದರು. ಅವರೆಲ್ಲರೂ ಅಲ್ಲಿ ಸಂನ್ಯಾಸದ ಸಂಕಲ್ಪ ಮಾಡಿದರು. ಅಂದು ಕ್ರಿಸ್ತಜಯಂತಿಯ ಮುನ್ನಾದಿನವೆಂಬುದು ಅನಂತರವಷ್ಟೇ ಅವರ ಗಮನಕ್ಕೆ ಬಂದಿತು. ಆದ್ದರಿಂದ ಆ ಪೂಜೆಯನ್ನು ಕೇವಲ ಔದಾರ್ಯದ ಪ್ರದರ್ಶನವೆನ್ನಲಾಗದು. ಅದು ಆ ಪರಂಪರೆಯ ಹುಟ್ಟಿನೊಡನೆಯೇ ಹೆಣೆದುಕೊಂಡಿದೆ. ಹೀಗಿದ್ದರೂ ನ್ಯೂಬಿಗಿನ್ ಅವರ ಪ್ರಶ್ನೆ ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಎಲ್ಲರಿಗೂ ಸ್ಥಾನ ಕೊಡುವವನು ಆ ಸ್ಥಾನಗಳ ಕ್ರಮವನ್ನು ತಾನೇ ನಿಶ್ಚಯಿಸುತ್ತಾನಲ್ಲವೆ?

ಆದರೆ ಅವರ ವಿಚಾರದ ನಿಜವಾದ ತಿರುವು ಇದಾದ ಮೇಲೆ ಬಂದಿತು. ಹಳ್ಳಿಯ ಕ್ರೈಸ್ತ ಬೋಧಕರಿಗೆ ಮಾರ್ಕನ ಸುವಾರ್ತೆಯನ್ನು ಪಾಠ ಹೇಳುವಾಗ, ರೋಗಶಮನ ಮತ್ತು ಭೂತೋಚ್ಚಾಟನೆಯ ಪ್ರಸಂಗಗಳನ್ನು ತಾವು ಕಲಿತ ಆಧುನಿಕ ವಿಮರ್ಶೆಯ ಬೆಳಕಿನಲ್ಲಿ ಅವರು ಬಹು ಪ್ರಯಾಸದಿಂದ ವಿವರಿಸುತ್ತಿದ್ದರು. ಕೇಳುತ್ತಿದ್ದವರಲ್ಲೊಬ್ಬರು, ಇಷ್ಟು ಸರಳವಾದ ವಿಷಯವನ್ನು ಇಷ್ಟೇಕೆ ಕಠಿಣಗೊಳಿಸುತ್ತೀರೆಂದು ಕೇಳಿ, ತಮ್ಮ ಸಭೆಯಲ್ಲಿಯೇ ನಡೆದ ಅಂಥ ಹಲವು ಘಟನೆಗಳನ್ನು ಹೇಳಿದರಂತೆ. ಮಠದ ಗೋಡೆಯ ಮೇಲೆ ಯೇಸುವಿಗೆ ಗೂಡು ಕೊಟ್ಟವರನ್ನು ಆಕ್ಷೇಪಿಸಿದ ತಾವೇ, ಯುರೋಪಿನ ವೈಚಾರಿಕತೆಯ ಗೋಡೆಯಲ್ಲಿ ಆತನಿಗೆ ಇನ್ನೊಂದು ಗೂಡು ಕೊಟ್ಟಿದ್ದೇವೆಂಬುದು ನ್ಯೂಬಿಗಿನ್ ಅವರಿಗೆ ಕ್ರಮೇಣ ಹೊಳೆಯಿತು. ಅನ್ಯರ ಸಂಸ್ಕೃತಿ ಕಣ್ಣಿಗೆ ಬೀಳುತ್ತದೆ. ಸ್ವಂತ ಸಂಸ್ಕೃತಿ ಕನ್ನಡಕದಂತೆ ಕಣ್ಣ ಮುಂದಿದ್ದೂ ಕಾಣುವುದಿಲ್ಲ.

ಪಶ್ಚಿಮವೇ ಪ್ರಚಾರಕ್ಷೇತ್ರವಾದುದು

1973ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಕ್ರೈಸ್ತ ಸಮ್ಮೇಳನದಲ್ಲಿ ಇಂಡೋನೇಷ್ಯಾದ ಜನರಲ್ ಸಿಮಾತುಪಾಂಗ್ ಅವರು, ಪಶ್ಚಿಮವನ್ನು ಪರಿವರ್ತಿಸಲು ಸಾಧ್ಯವೆ ಎಂಬುದೇ ಮೊದಲ ಪ್ರಶ್ನೆಯೆಂದು ಪಿಸುಗುಟ್ಟಿದ್ದನ್ನು ನ್ಯೂಬಿಗಿನ್ ಅವರು ಕೇಳಿದ್ದರು. ಮರುವರ್ಷ ಇಂಗ್ಲೆಂಡಿಗೆ ಮರಳಿದಾಗ ಆ ಪ್ರಶ್ನೆ ಅವರ ಬಾಗಿಲಿಗೇ ಬಂದು ನಿಂತಿತು. ಮದರಾಸಿನ ಕೊಳೆಗೇರಿಗಳಲ್ಲಿಯೂ ನಾಳೆಯ ಬಗೆಗೆ ಇದ್ದ ಭರವಸೆಯನ್ನು ಅವರು ಸಿರಿವಂತ ಇಂಗ್ಲೆಂಡಿನಲ್ಲಿ ಕಾಣಲಿಲ್ಲ. ಭಾರತೀಯ ಮೂಲದ ಸಹೋದ್ಯೋಗಿಯೊಬ್ಬರೊಡನೆ ವಿನ್ಸನ್ ಗ್ರೀನಿನ ಮನೆಗಳಿಗೆ ಹೋದಾಗ, ಏಷ್ಯಾದಿಂದ ಬಂದು ನೆಲೆಸಿದವರು ಒಳಗೆ ಕರೆದು ಕೂರಿಸಿ ದೇವರ ಮಾತಾಡುತ್ತಿದ್ದರು; ಆಂಗ್ಲರ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತಿದ್ದವು. ವಿರೋಧವನ್ನು ಎದುರಿಸಬಹುದು, ತಣ್ಣನೆಯ ತಾತ್ಸಾರವನ್ನು ಎದುರಿಸುವುದು ಕಷ್ಟವೆಂಬುದು ಅವರ ಅನುಭವವಾಗಿತ್ತು.

ಇದರ ಕಾರಣವನ್ನು ಅವರು 1983ರಿಂದ ಬರೆದ ಗ್ರಂಥಗಳಲ್ಲಿ, ವಿಶೇಷವಾಗಿ 1986ರ 'ಫೂಲಿಶ್‌ನೆಸ್ ಟು ದ ಗ್ರೀಕ್ಸ್' ಮತ್ತು 1989ರ 'ದ ಗಾಸ್ಪೆಲ್ ಇನ್ ಎ ಪ್ಲುರಲಿಸ್ಟ್ ಸೊಸೈಟಿ'ಗಳಲ್ಲಿ ವಿಶ್ಲೇಷಿಸಿದರು. ಆಧುನಿಕ ಪಾಶ್ಚಾತ್ಯ ಸಂಸ್ಕೃತಿಯು ಬದುಕನ್ನು ಎರಡು ಅಂಕಣಗಳಾಗಿ ಒಡೆದಿದೆ: ಒಂದು ಎಲ್ಲರೂ ಒಪ್ಪಲೇಬೇಕಾದ 'ಸಂಗತಿ'ಗಳ ಸಾರ್ವಜನಿಕ ಅಂಕಣ, ಇನ್ನೊಂದು ಅವರವರ ಇಚ್ಛೆಗೆ ಬಿಟ್ಟ 'ಮೌಲ್ಯ'ಗಳ ಖಾಸಗಿ ಅಂಕಣ. ಜೀವಕೋಶದ ರಚನೆಯನ್ನು ಶಾಲೆಯಲ್ಲಿ ಸಂಗತಿಯೆಂದು ಕಲಿಸುತ್ತಾರೆ. ಮನುಷ್ಯನ ಬಾಳಿನ ಪರಮಗುರಿ ಯಾವುದೆಂಬುದು ಮನೆಯ ಅಭಿಪ್ರಾಯವಾಗಿ ಉಳಿಯುತ್ತದೆ. ಈ ಏರ್ಪಾಡಿನಲ್ಲಿ ಧರ್ಮವನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಅದನ್ನು ಅಭಿರುಚಿಯೆಂದು ಕರೆದರೆ ಸಾಕು, ಅದು ತಾನಾಗಿಯೇ ನಿಶ್ಶಕ್ತವಾಗುತ್ತದೆ. ಇದಕ್ಕೆ ಉತ್ತರವಾಗಿ ನ್ಯೂಬಿಗಿನ್ ಅವರು ವಿಜ್ಞಾನಿ ಮೈಕೆಲ್ ಪೊಲಾನ್ಯಿ ಅವರ ವಿಚಾರವನ್ನು ಆಶ್ರಯಿಸಿದರು. ವಿಜ್ಞಾನವೂ ಸೇರಿದಂತೆ ಯಾವ ಅರಿವೂ ಅರಿಯುವವನ ಶ್ರದ್ಧೆಯಿಲ್ಲದೆ ಮೊದಲಾಗುವುದಿಲ್ಲ. ಶ್ರದ್ಧೆ ಅರಿವಿನ ಶತ್ರುವಲ್ಲ, ಅದರ ಬಾಗಿಲು.

ಹಂಚಿಕೊಳ್ಳುವ ಬಗೆ

ಹಾಗಾದರೆ ಧರ್ಮದ ಮಾತು ಅನ್ಯರಿಗೆ ತಲುಪುವುದು ಹೇಗೆ? ಪೌಲನು ಅಗ್ರಿಪ್ಪ ರಾಜನ ಮುಂದೆ ತನ್ನ ಪರಿವರ್ತನೆಯನ್ನು ವಿವರಿಸಿದ ಪ್ರಸಂಗವನ್ನು ಎತ್ತಿಕೊಂಡು ನ್ಯೂಬಿಗಿನ್ ಅವರು ಮೂರು ಲಕ್ಷಣಗಳನ್ನು ಹೇಳುತ್ತಾರೆ.

ಮೊದಲನೆಯದಾಗಿ, ಮಾತು ಕೇಳುವವನ ಭಾಷೆಯಲ್ಲಿರಬೇಕು. ಪೌಲನು ಕೇಳಿದ ಧ್ವನಿ ಅವನ ಸ್ವಂತ ಭಾಷೆಯಲ್ಲಿಯೇ ಕೇಳಿಬಂದಿತು. ಎರಡನೆಯದಾಗಿ, ಆ ಭಾಷೆಯೊಳಗಿನ ನಂಬಿಕೆಗಳನ್ನೇ ಆ ಮಾತು ಬುಡಸಹಿತ ಪ್ರಶ್ನಿಸಬೇಕು. ದೇವರ ಸೇವೆಯೆಂದು ತಿಳಿದು ಪೌಲನು ಮಾಡುತ್ತಿದ್ದ ಕಾರ್ಯವೇ ದೇವರಿಗೆ ವಿರುದ್ಧವೆಂದು ಆ ಧ್ವನಿ ತಿಳಿಸಿತು. ಯೋಹಾನನು ಗ್ರೀಕ್ ತತ್ತ್ವಜ್ಞರ 'ಲೋಗೋಸ್' ಎಂಬ ಪದವನ್ನು ಬಳಸಿದ್ದು ಇದಕ್ಕೆ ಉತ್ತಮ ನಿದರ್ಶನ; ಕನ್ನಡ ಸತ್ಯವೇದದಲ್ಲಿ ಅದು 'ವಾಕ್ಯ'ವಾಗಿದೆ. ಪದ ಗ್ರೀಕರದೇ ಆದರೂ, ಅದು ದೇಹಧಾರಿಯಾಯಿತೆಂದು ಹೇಳಿದೊಡನೆ ಯಾವ ಗ್ರೀಕ್ ತತ್ತ್ವಜ್ಞನೂ ನಿರೀಕ್ಷಿಸದ ಅರ್ಥ ಅದಕ್ಕೆ ಬಂದಿತು. ಮೂರನೆಯದಾಗಿ, ಹೇಳುವವನು ಪರಿವರ್ತನೆಯ ಕರ್ತೃವಲ್ಲ. ವಾದಚಾತುರ್ಯ, ಒತ್ತಾಯ, ಆಮಿಷಗಳಿಂದ ಆಗುವುದು ಪರಿವರ್ತನೆಯೇ ಅಲ್ಲ. ಅದು ದೇವರ ಕಾರ್ಯ.

ಇದರೊಡನೆ ಅವರು ಇನ್ನೊಂದು ಮುಖ್ಯ ಮಾತನ್ನು ಸೇರಿಸುತ್ತಾರೆ. ಸುವಾರ್ತೆಗೆ ಅತ್ಯುತ್ತಮ ವ್ಯಾಖ್ಯಾನ ಗ್ರಂಥವಲ್ಲ, ಅದನ್ನು ನಂಬಿ ಅದರಂತೆ ಬಾಳುವ ಸಮುದಾಯ. ಅಂಥ ಬಾಳನ್ನು ಕಂಡ ನೆರೆಯವರು ಅದರ ಮೂಲವೇನೆಂದು ಕೇಳುತ್ತಾರೆ. ಆಗ ಹೇಳುವ ಮಾತು ಉತ್ತರವಾಗುತ್ತದೆ. ಯಾರೂ ಕೇಳದೆ ಹೇಳಿದ ಮಾತು ಬರಿಯ ಘೋಷಣೆಯಾಗಿಯೇ ಉಳಿಯುತ್ತದೆ. ನುಡಿಗೆ ನಡೆಯೇ ಪ್ರಮಾಣವೆಂಬ ತತ್ತ್ವವನ್ನು ಶರಣಪರಂಪರೆಯಲ್ಲಿ ಬೆಳೆದ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಎರಡು ಆಕ್ಷೇಪಗಳು

ಈ ವಿಚಾರಸರಣಿಗೆ ಗಂಭೀರವಾದ ಆಕ್ಷೇಪ ಬಂದುದು ಕ್ರೈಸ್ತರಿಂದಲೇ. ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕೆಂದು ಇದ್ದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್ (1916-1996) ಅವರು, ರಾಮಮೋಹನ ರಾಯರಿಂದ ಗಾಂಧೀಜಿಯವರೆಗೆ ಭಾರತೀಯ ನವೋದಯದ ನಾಯಕರು ಕ್ರಿಸ್ತನಿಗೆ ತಮ್ಮದೇ ರೀತಿಯಲ್ಲಿ ಸ್ಪಂದಿಸಿದ್ದನ್ನು ಗ್ರಂಥವೊಂದರಲ್ಲಿ ಗೌರವದಿಂದ ಪರಿಶೀಲಿಸಿದ್ದರು. ಕ್ರಿಸ್ತನನ್ನು ಮೆಚ್ಚಿದ ಹಿಂದೂವು ತನ್ನ ಸಮುದಾಯದಿಂದ ಕಡಿದುಕೊಂಡು ಇನ್ನೊಂದು ಸಮುದಾಯವನ್ನು ಸೇರಲೇಬೇಕೆ ಎಂಬುದು ಅವರ ಪ್ರಶ್ನೆ. ಜಾತಿಯಂತೆ ಬೇಲಿ ಹಾಕಿಕೊಂಡ ಕ್ರೈಸ್ತ ಸಮುದಾಯಕ್ಕೆ ಸೇರ್ಪಡೆಯಾಗುವುದನ್ನೇ ಪರಿವರ್ತನೆಯೆನ್ನಲು ಅವರು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಸಹಬಾಳ್ವೆಯಿಲ್ಲದ ಶ್ರದ್ಧೆ ಬಹುಕಾಲ ನಿಲ್ಲದೆಂದು ನ್ಯೂಬಿಗಿನ್ ಉತ್ತರಿಸಿದರು. 1970ರ ದಶಕದ ಆರಂಭದಲ್ಲಿ ಪತ್ರಿಕೆಯಲ್ಲಿ ನಡೆದ ಈ ಚರ್ಚೆ ಇಂದಿಗೂ ಮುಗಿದಿಲ್ಲ. ನೆರೆಹೊರೆ, ನಂಟಸ್ತಿಕೆ, ಹೆಸರು, ಊರಿನ ಹಬ್ಬ ಇವೆಲ್ಲವೂ ಒಂದು ನಂಬಿಕೆಯೊಡನೆ ಹೆಣೆದುಕೊಂಡಿರುವ ನಮ್ಮ ಸಮಾಜದಲ್ಲಿ ಥಾಮಸ್ ಅವರ ಪ್ರಶ್ನೆಗೆ ತೂಕ ಹೆಚ್ಚು.

ಎರಡನೆಯ ಆಕ್ಷೇಪ ಅಧಿಕಾರದ ಕುರಿತದ್ದು. ವಸಾಹತು ಆಳ್ವಿಕೆಯ ನೆರಳಿನಲ್ಲಿ ಆಡಿದ ಮಾತು ಎಷ್ಟೇ ವಿನಯದಿಂದ ಕೂಡಿದ್ದರೂ ಕೇಳುವವನಿಗೆ ಆಳುವವನ ಮಾತಾಗಿಯೇ ಕೇಳಿಸುತ್ತಿತ್ತು. ಸ್ವತಂತ್ರ ಭಾರತದ ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು ಧರ್ಮಪ್ರಸಾರದ ಹಕ್ಕನ್ನು ಎಲ್ಲರಿಗೂ ನೀಡಿದೆ. ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವುದು ಈ ಹಕ್ಕಿನಲ್ಲಿ ಸೇರಿದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪಿನ ಬಗೆಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಹಂಚಿಕೊಳ್ಳುವುದು ಬೇರೆ, ಹೇರುವುದು ಬೇರೆಯೆಂಬ ವಿವೇಕವು ನ್ಯೂಬಿಗಿನ್ ಅವರ ಮೂರನೆಯ ಲಕ್ಷಣದಲ್ಲಿಯೇ ಅಡಗಿದೆಯೆಂಬುದನ್ನು ಗಮನಿಸಬೇಕು.

ಉಪಸಂಹಾರ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2011ರ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಹೇಳಿಕೊಂಡವರು ಶೇಕಡಾ 59.3ರಷ್ಟಿದ್ದರು. 2021ರಲ್ಲಿ ಆ ಪ್ರಮಾಣ 46.2ಕ್ಕೆ ಇಳಿದು, ಯಾವ ಧರ್ಮವೂ ಇಲ್ಲವೆಂದವರು 37.2ರಷ್ಟಾದರು. ನ್ಯೂಬಿಗಿನ್ ಅವರ ಆತಂಕ ನಿರಾಧಾರವಾಗಿರಲಿಲ್ಲವೆಂಬುದಕ್ಕೆ ಈ ಅಂಕಿಗಳು ಸಾಕ್ಷಿ. ಅವರ ಉತ್ತರದಿಂದ ಆ ಪ್ರವಾಹ ನಿಂತಿತೆಂದು ಇವು ತೋರಿಸುವುದೂ ಇಲ್ಲ.

ಆ ಎರಡು ಅಂಕಣಗಳ ಗೋಡೆ ಇಂದು ನಮ್ಮ ನಗರಗಳಲ್ಲಿಯೂ ಏಳುತ್ತಿದೆ. ವಿದ್ಯಾವಂತ ತರುಣರಿಗೆ ಹಿರಿಯರ ಶ್ರದ್ಧೆಯು ಮನೆಯೊಳಗಿನ ರೂಢಿಯಾಗಿ ಮಾತ್ರ ಉಳಿಯುತ್ತಿರುವಾಗ, ಈ ಪ್ರಶ್ನೆ ಕ್ರೈಸ್ತರೊಬ್ಬರದೇ ಅಲ್ಲ. ಕಾಲದ ಭಾಷೆಯಲ್ಲಿ ಮಾತನಾಡಿಯೂ ಕಾಲಕ್ಕೆ ಶರಣಾಗದಿರುವುದು ಹೇಗೆ ಎಂಬುದನ್ನು ಪ್ರತಿಯೊಂದು ಧರ್ಮವೂ ತನ್ನನ್ನೇ ಕೇಳಿಕೊಳ್ಳಬೇಕಾಗಿದೆ. ಅನ್ಯರ ಗೋಡೆಯ ಮೇಲಿನ ಚಿತ್ರವನ್ನು ಆಕ್ಷೇಪಿಸಿದವರು ತಮ್ಮ ಮನೆಯ ಗೋಡೆಯನ್ನೂ ತಿರುಗಿ ನೋಡುವ ಪ್ರಾಮಾಣಿಕತೆ ತೋರಿದರು. ನ್ಯೂಬಿಗಿನ್ ಅವರ ಸಿದ್ಧಾಂತಗಳನ್ನು ಒಪ್ಪದವರಿಗೂ ಅವರ ಬರಹದಿಂದ ದೊರೆಯುವ ಲಾಭ ಇದೇ ಆಗಿದೆ.