ಇ-ಸ್ವತ್ತು ತಂತ್ರಾಂಶಕ್ಕೆ ಸಂಪರ್ಕ ದೊರೆಯದಿದ್ದಾಗ ಪರಿಶೀಲಿಸಬೇಕಾದ ಅಂಶಗಳು

ಇ-ಸ್ವತ್ತಿನ ನಮೂನೆ-9 ಮತ್ತು 11ಎ, ಅಥವಾ 11ಬಿ ಇಲ್ಲದೆ ಬಸವಕಲ್ಯಾಣ, ಹುಮನಾಬಾದ್ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಗ್ರಾಮದ ಮನೆ, ನಿವೇಶನಗಳ ನೋಂದಣಿ ಸಾಧ್ಯವಿಲ್ಲ. ‘ಸರ್ವರ್ ಇಲ್ಲ’ ಎಂದು ಹಿಂದಿರುಗಿಸಲ್ಪಟ್ಟ ಅರ್ಜಿದಾರರು ಮತ್ತೊಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಆದುದರಿಂದ ದೋಷವಿರುವ ಸ್ಥಳವನ್ನು ಮೊದಲು ಗುರುತಿಸುವುದು ಅವಶ್ಯ.

ಯಾವ ಜಾಲತಾಣವೂ ತೆರೆಯದಿದ್ದಲ್ಲಿ ಭಾರತ್‌ನೆಟ್ ಕೇಬಲ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ನೋಡತಕ್ಕದ್ದು. ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕಿನ ಸಂಕೇತ ಪೆಟ್ಟಿಗೆಯನ್ನು ತಲುಪುತ್ತಿಲ್ಲವೆಂದರ್ಥ. ರಸ್ತೆ ಅಥವಾ ನೀರಿನ ಕೊಳವೆಗಾಗಿ ಅಗೆದಲ್ಲಿ ಕೇಬಲ್ ತುಂಡಾಗಿರಬಹುದು. ಗಣಕಯಂತ್ರವನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ.

ಸಂಪರ್ಕವಿದ್ದೂ ಪ್ರತಿಯೊಂದು ತಾಣವೂ ಭದ್ರತಾ ಎಚ್ಚರಿಕೆ ತೋರಿದರೆ ಗಣಕಯಂತ್ರದ ದಿನಾಂಕವನ್ನು ಗಮನಿಸುವುದು. ಒಳಗಿನ ಬಿಲ್ಲೆಯಾಕಾರದ ಬ್ಯಾಟರಿ ಕ್ಷೀಣಿಸಿದ್ದರೆ, ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಎಣಿಸಿ ಬ್ರೌಸರ್ ಅದನ್ನು ತಡೆಯುತ್ತದೆ. ಅಲ್ಪ ಬೆಲೆಯ ಬ್ಯಾಟರಿಗಾಗಿ ಕಚೇರಿಯ ಇಡೀ ದಿನದ ಕೆಲಸ ನಿಲ್ಲುವುದು ಸಮಂಜಸವಲ್ಲ.

ತಾಣ ತೆರೆದು ಅನುಮೋದನೆಯ ಹಂತದಲ್ಲಿ ಮಾತ್ರ ನಿಂತರೆ ಅದು ಬಹುಮಟ್ಟಿಗೆ ಸಂಪರ್ಕದ ದೋಷವಲ್ಲ; ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೇ, ಟೋಕನ್ನಿನ ಡ್ರೈವರ್ ಅಳವಡಿಕೆಯಾಗಿದೆಯೇ ಎಂದು ಪರಿಶೀಲಿಸುವುದು.

ಪಂಚತಂತ್ರ ತೆರೆಯುತ್ತಿದ್ದು, ಮೊಬೈಲ್ ಹಾಟ್‌ಸ್ಪಾಟ್ ಮೂಲಕವೂ ಇ-ಸ್ವತ್ತು ಮಾತ್ರ ತೆರೆಯದಿದ್ದಲ್ಲಿ ದೋಷ ಕೇಂದ್ರ ಸರ್ವರಿನಲ್ಲಿರುವ ಸಂಭವ ಹೆಚ್ಚು. ಆಗ ಸಮಯವನ್ನೂ ಪರದೆಯ ಮೇಲಿನ ದೋಷಸಂದೇಶದ ಚಿತ್ರವನ್ನೂ ತಾಲ್ಲೂಕು ಪಂಚಾಯಿತಿಗೆ ಕಳುಹಿಸುವುದು. ಅರ್ಜಿಯನ್ನು ಮಾತ್ರ ಅಂದೇ ಕಾಗದದಲ್ಲಿ ಪಡೆದು, ದಿನಾಂಕಸಹಿತ ಸ್ವೀಕೃತಿ ನೀಡತಕ್ಕದ್ದು.